ಮುಂದೆ ಬೈಕ್ ಇದೆ, ಕಾರು ಹೇಗೆ ಓಡಿಸಬೇಕು?

ಕೋಲಾರದಲ್ಲಿ ನನ್ನ ಹತ್ತಿರ ಕಾರು ಕಲಿಯಲು ಬರುವವರಲ್ಲಿ ಹೆಚ್ಚಿನವರು ಮೊದಲೇ ಬೈಕೋ ಸ್ಕೂಟರೋ ಓಡಿಸಿದವರು. ಹಾಗಾಗಿ ಬೈಕಿನವರ ಕಷ್ಟ ಇವರಿಗೆ ಗೊತ್ತಿರುತ್ತದೆ ಅಂದುಕೊಳ್ಳಬೇಡಿ. ಸ್ಟಿಯರಿಂಗ್ ಹಿಡಿದ ಎರಡನೇ ವಾರಕ್ಕೆ ಎಲ್ಲ ಮರೆತುಹೋಗಿರುತ್ತದೆ. "ಈ ಬೈಕಿನೋರು ಎಲ್ಲಂದ್ರಲ್ಲಿ ನುಗ್ತಾರೆ ಮೇಡಂ" ಅಂತ ನನಗೇ ದೂರು ಹೇಳುತ್ತಾರೆ. ಹೋದ ತಿಂಗಳ ತನಕ ನುಗ್ಗುತ್ತಿದ್ದವರು ಇವರೇ!

ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತೇನೆ. ಎಲ್ ಬೋರ್ಡಿನ ಸಣ್ಣ ಕಾರು, ನನ್ನ ಕಾಲ ಬಳಿಯೂ ಒಂದು ಕ್ಲಚ್, ಒಂದು ಬ್ರೇಕು. ಕೆಲಸಕ್ಕೆ ಬಂದುಹೋಗುವುದು ಮಾತ್ರ ಸ್ಕೂಟರಿನಲ್ಲಿ. ಹಗಲೆಲ್ಲ ಕಾರಿನ ಎಡಸೀಟಿನಿಂದ ನೋಡಿದ ರಸ್ತೆಯನ್ನೇ ಸಂಜೆ ಸ್ಕೂಟರಿನ ಮೇಲಿಂದ ನೋಡುತ್ತೇನೆ. ಇಷ್ಟರಲ್ಲಿ ನನಗೆ ಗಟ್ಟಿಯಾಗಿರುವ ಮಾತು ಒಂದೇ. ಬೈಕನ್ನೇ ನೋಡುತ್ತಾ ಕಾರು ಓಡಿಸಿದರೆ ನಿಮಗೆ ಸುದ್ದಿ ತಡವಾಗಿ ಸಿಗುತ್ತದೆ. ಬೈಕಿನ ಮುಂದಿನ ನೆಲ ನೋಡಿ. ಬೈಕಿನವರು ಇನ್ನೆರಡು ಸೆಕೆಂಡಿನಲ್ಲಿ ಏನು ಮಾಡುತ್ತಾರೆ ಅನ್ನುವುದು ಅಲ್ಲಿ ಮೊದಲೇ ಗೊತ್ತಾಗುತ್ತದೆ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಸತ್ತರು. ಅದರಲ್ಲಿ ಶೇ 44.5ರಷ್ಟು ಜನ ದ್ವಿಚಕ್ರ ವಾಹನದಲ್ಲಿದ್ದವರು. ಕೇಂದ್ರದ ಹೆದ್ದಾರಿ ಸಚಿವಾಲಯದ್ದೇ ಲೆಕ್ಕ ಇದು.

ನೆಲ ಓದುವುದು

ಕಾರಿನಲ್ಲಿ ಕೂತವರಿಗೆ ಸಣ್ಣ ಗುಂಡಿ ಅಂದರೆ ಒಂದು ಸಲ ದಡಕ್ ಅನ್ನುವುದು, ಅಷ್ಟೇ. ಬೈಕಿನವರಿಗೆ ಅದೇ ಗುಂಡಿಯಲ್ಲಿ ಮುಂದಿನ ಚಕ್ರ ಕೂತರೆ ಹ್ಯಾಂಡಲ್ ಕೈತಪ್ಪುತ್ತದೆ. ರಸ್ತೆ ಅಂಚಿನ ಮರಳು, ಜಲ್ಲಿ, ಟಾರಿನ ಏರುತಗ್ಗು, ಚರಂಡಿ ಮೇಲಿನ ಕಬ್ಬಿಣದ ಜಾಲರಿ, ಹೊಸದಾಗಿ ಪೈಪ್ ಹಾಕಿ ಮುಚ್ಚಿದ ಮಣ್ಣು, ಇವು ಯಾವುವೂ ಕಾರಿನ ಲೆಕ್ಕಕ್ಕೇ ಬರುವುದಿಲ್ಲ. ಬೈಕಿನವರು ಇವುಗಳ ಮೇಲೆ ಬ್ರೇಕ್ ಹಾಕುವಂತಿಲ್ಲ. ಮರಳಿನ ಮೇಲೆ ಮುಂದಿನ ಬ್ರೇಕ್ ಒತ್ತಿದರೆ ಬೀಳುವುದೇ. ಹಾಗಾಗಿ ಅವರು ನಿಧಾನ ಮಾಡುವ ಬದಲು ಪಕ್ಕಕ್ಕೆ ಎಳೆಯುತ್ತಾರೆ. ಎಳೆಯುವುದು ಹೆಚ್ಚಾಗಿ ಬಲಕ್ಕೆ, ಅಂದರೆ ನಿಮ್ಮ ಕಡೆಗೆ.

ಆದ್ದರಿಂದ ನನ್ನ ಮೊದಲ ಪಾಠ ಹೀಗೆ. ಬೈಕನ್ನು ದಾಟುವ ಮುಂಚೆ ಅದರ ಮುಂದಿನ ಇಪ್ಪತ್ತು ಮೂವತ್ತು ಮೀಟರ್ ನೆಲದ ಮೇಲೆ ಕಣ್ಣಾಡಿಸಿ. ಗುಂಡಿ, ನೀರು, ನಾಯಿ, ನಿಂತ ಆಟೋ, ಏನಾದರೂ ಇದ್ದರೆ ಓವರ್‌ಟೇಕ್ ಈಗ ಬೇಡ. ಅವರು ಅದನ್ನು ತಪ್ಪಿಸಿಕೊಂಡು ಮತ್ತೆ ಎಡಕ್ಕೆ ಬರಲಿ, ಆಮೇಲೆ ಹೋಗಿ. ಮುಂದೆ ನೆಲ ಸಾಫಾಗಿದ್ದರೆ ಬೈಕ್ ಕೂಡ ನೆಟ್ಟಗೆ ಹೋಗುತ್ತದೆ.

ಹಂಪ್‌ಗಳದ್ದು ಬೇರೆ ಕಥೆ. ನಮ್ಮ ಹಳ್ಳಿ ರಸ್ತೆಗಳ ಹಂಪ್‌ಗೆ ಬಣ್ಣ ಇರುವುದಿಲ್ಲ, ಬೋರ್ಡೂ ಇರುವುದಿಲ್ಲ. ಆದರೆ ಅದರ ಎರಡು ತುದಿಯಲ್ಲಿ ಒಂದು ಬೈಕ್ ಹೋಗುವಷ್ಟು ಜಾಗ ಸವೆದಿರುತ್ತದೆ. ಬೈಕಿನವರು ಆ ಸಂದಿ ಹುಡುಕಿಕೊಂಡೇ ಹೋಗುವುದು. ಎದುರಿಂದ ಬರುವ ಬೈಕ್ ನಿಮ್ಮ ಕಡೆಯ ಸಂದಿಗೂ ಬರಬಹುದು. ಹಂಪ್ ಹತ್ತಿರ ಕಾರನ್ನು ನೆಟ್ಟಗೆ ಇಟ್ಟುಕೊಳ್ಳಿ, ನಿಧಾನ ಮಾಡಿ, ಅಲ್ಲಿ ಯಾರನ್ನೂ ದಾಟಬೇಡಿ.

ಇನ್ನು ಒಕ್ಕಣೆ ಕಾಲ. ಡಿಸೆಂಬರ್, ಜನವರಿಯಲ್ಲಿ ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ಕಡೆ ಹಳ್ಳಿ ರಸ್ತೆಗೆ ಹೋದವರಿಗೆ ಗೊತ್ತು. ರಾಗಿ, ಹುರುಳಿ ತಂದು ಟಾರಿನ ಮೇಲೆ ಹರಡಿರುತ್ತಾರೆ. ವಾಹನ ಹರಿದು ಕಾಳು ಬಿಡಲಿ ಅಂತ. ಸರಿಯೋ ತಪ್ಪೋ, ಕಣ ಮಾಡಲು ಜಾಗವಿಲ್ಲ, ಆಳು ಸಿಗುವುದಿಲ್ಲ ಅನ್ನುವುದು ಅವರ ಕಷ್ಟ. ಬೈಕಿಗೆ ಮಾತ್ರ ಈ ಹುಲ್ಲು ಮಂಜುಗಡ್ಡೆ ಇದ್ದ ಹಾಗೆ. ಅದರ ಮೇಲೆ ಹತ್ತಿದರೆ ಚಕ್ರ ಜಾರುತ್ತದೆ. ಅದಕ್ಕೆ ಎದುರಿನ ಬೈಕು ಖಾಲಿ ಇರುವ ಅರ್ಧ ರಸ್ತೆಗೇ ಬರುತ್ತದೆ, ಆ ಅರ್ಧ ನಿಮ್ಮದಾಗಿದ್ದರೂ ಸರಿ. ಅಲ್ಲಿ "ಇದು ನನ್ನ ಸೈಡು" ಅಂತ ಹಟ ಹಿಡಿಯಬೇಡಿ. ಬೈಕಿಗೆ ಟಾರು ಬಿಟ್ಟುಕೊಡಿ, ನೀವು ನಿಂತು ದಾರಿ ಕೊಡಿ. ಆದರೆ ಹುಲ್ಲಿನ ಮೇಲೆ ಜೋರಾಗಿ ನುಗ್ಗಬೇಡಿ. ಅಂಚಿಗೆ ಸಾಲಾಗಿ ಕಲ್ಲು ಇಟ್ಟಿರುತ್ತಾರೆ, ಹುಲ್ಲಿನ ಕೆಳಗೆ ಕಾಣುವುದಿಲ್ಲ. ಹುರುಳಿ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡರೆ ಸೈಲೆನ್ಸರ್ ಬಿಸಿಗೆ ಹೊತ್ತಿಕೊಳ್ಳುವುದೂ ಉಂಟು. ದಾಟಿದ ಮೇಲೆ ಒಂದು ಸಲ ಇಳಿದು ಬಗ್ಗಿ ನೋಡುವುದು ಒಳ್ಳೆಯದು.

ಟೊಮೆಟೊ ಕಾಲದಲ್ಲಿ ಎಪಿಎಂಸಿ ಸುತ್ತಮುತ್ತ ಇನ್ನೊಂದು ತರಹ. ಗಾಡಿಯಿಂದ ಬಿದ್ದ ಹಣ್ಣು ಚಕ್ರಕ್ಕೆ ಸಿಕ್ಕಿ ರಸ್ತೆಗೆ ಮೆತ್ತಿಕೊಂಡಿರುತ್ತದೆ. ಅದರ ಮೇಲೆ ನಾಲ್ಕು ಹನಿ ಮಳೆ ಬಿದ್ದರೆ ಮುಗಿಯಿತು. ಮಂಡಿ ರಸ್ತೆಯಲ್ಲಿ ಬೈಕಿನ ಹಿಂದೆ ಅಂಟಿಕೊಂಡು ಹೋಗುವುದು ಬೇಡವೇ ಬೇಡ.

ಹೊರೆ ನೋಡಿ ವೇಗ ಅಂದಾಜು ಮಾಡುವುದು

ನೆಲ ಆದ ಮೇಲೆ ಬೈಕಿನ ಮೇಲೆ ಏನಿದೆ ನೋಡಿ. ನಮ್ಮ ಕಡೆ ಟಿವಿಎಸ್ ಎಕ್ಸ್‌ಎಲ್ ಅಂದರೆ ಅರ್ಧ ಲಾರಿ. ಬೆಳಗ್ಗೆ, ಸಂಜೆ ಡೈರಿ ಹೊತ್ತಿನಲ್ಲಿ ಎರಡೂ ಕಡೆ ಹಾಲಿನ ಕ್ಯಾನ್ ನೇತುಹಾಕಿಕೊಂಡು ಬರುತ್ತಾರೆ. ದೊಡ್ಡ ಕ್ಯಾನಿಗೆ 40 ಲೀಟರ್ ಹಿಡಿಯುತ್ತದೆ. ಎರಡು ತುಂಬಿದರೆ ಎಂಬತ್ತು ಕಿಲೋಗೂ ಜಾಸ್ತಿ, ಅದೂ ಒಳಗೆ ಅಲುಗಾಡುವ ತೂಕ. ಈ ಗಾಡಿ ಗಕ್ಕನೆ ನಿಲ್ಲುವುದಿಲ್ಲ, ಗಕ್ಕನೆ ಪಕ್ಕಕ್ಕೂ ಹೋಗುವುದಿಲ್ಲ. ಡೈರಿಗೆ ಹೋಗುವಾಗ ನಿಧಾನ. ವಾಪಸ್ ಬರುವಾಗ ಖಾಲಿ ಕ್ಯಾನ್ ಢಣಢಣ ಅನ್ನಿಸಿಕೊಂಡು ಜೋರು. ಸದ್ದು ಕೇಳಿಯೇ ಹೇಳಬಹುದು ಯಾವ ಕಡೆ ಹೊರಟಿದ್ದಾರೆ ಅಂತ.

ಟೊಮೆಟೊ ಬಾಕ್ಸ್ 15 ಕೆಜಿಯದು. ಅಂಥವು ಮೂರು ನಾಲ್ಕು ಹಿಂದೆ ಕಟ್ಟಿದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಅಲ್ಲಾಡುತ್ತದೆ. ಸೀಮೆಹುಲ್ಲಿನ ಹೊರೆ, ಹಿಪ್ಪುನೇರಳೆ ಸೊಪ್ಪಿನ ಮೂಟೆ ಇದ್ದರೆ ಹಿಂದಿನ ಲೈಟೂ ಕಾಣುವುದಿಲ್ಲ, ಇಂಡಿಕೇಟರೂ ಕಾಣುವುದಿಲ್ಲ. ಕನ್ನಡಿಯಲ್ಲಿ ಅವರಿಗೆ ನೀವೂ ಕಾಣುವುದಿಲ್ಲ. ಇಂಥ ಬೈಕ್ ಯಾವ ಗಳಿಗೆಯಲ್ಲಾದರೂ ತಿರುಗುತ್ತದೆ ಅಂದುಕೊಂಡೇ ಹಿಂದೆ ಇರಿ.

ಹಿಂದೆ ಒಂದೇ ಕಡೆಗೆ ಕಾಲು ಹಾಕಿ ಕೂತ ಸೀರೆಯುಟ್ಟವರಿದ್ದರೆ ಮಂಡಿ, ಪಾದ ಎಡಕ್ಕೆ ಚಾಚಿರುತ್ತವೆ. ಟ್ರಾಫಿಕ್‌ನಲ್ಲಿ ಎಡಗಡೆಯಿಂದ ಸಂದಿಯಲ್ಲಿ ತೂರಬೇಡಿ. ಸೆರಗು, ವೇಲು ಚಕ್ರದ ಕಡೆ ಇಳಿಬಿದ್ದಿದ್ದರೆ ದೂರದಿಂದ ಒಂದು ಸಣ್ಣ ಹಾರ್ನ್ ಮಾಡಿ, ಕೈಸನ್ನೆ ತೋರಿಸಿ. ಮುಂದೆ ಒಂದು ಮಗು, ಮಧ್ಯೆ ಒಂದು ಮಗು ನಿಲ್ಲಿಸಿಕೊಂಡ ಅಪ್ಪಂದಿರನ್ನು ಬಯ್ಯುವುದು ಬೇರೆ ವಿಷಯ, ಬಯ್ಯಿರಿ. ಆದರೆ ಜಾಗ ಇನ್ನೂ ಸ್ವಲ್ಪ ಜಾಸ್ತಿ ಬಿಡಿ.

ಬೈಕಿನ ಲೈಟುಗಳನ್ನು ನಂಬುವುದು ಎಷ್ಟು?

ಕಾರು ತಿರುಗಿ ನೆಟ್ಟಗಾದ ಮೇಲೆ ಇಂಡಿಕೇಟರ್ ತಾನಾಗಿ ಆಫ್ ಆಗುತ್ತದೆ. ಹೆಚ್ಚಿನ ಬೈಕುಗಳಲ್ಲಿ ಹಾಗಿಲ್ಲ, ಗುಂಡಿ ಒತ್ತಿಯೇ ಆಫ್ ಮಾಡಬೇಕು. ಮರೆತವರು ಟಮಕದಿಂದ ಕ್ಲಾಕ್ ಟವರ್ ತನಕ ಬಲಗಡೆ ಮಿನುಗಿಸುತ್ತಾ ಬರುತ್ತಾರೆ. ಆದ್ದರಿಂದ ಎಡಕ್ಕೆ ಇಂಡಿಕೇಟರ್ ಹಾಕಿದ ಬೈಕ್ ನೋಡಿ "ತಿರುಗೇ ತಿರುಗುತ್ತೆ" ಅಂತ ಅದರ ಮುಂದೆ ಕಾರು ನುಗ್ಗಿಸಬೇಡಿ. ಚಕ್ರ ನಿಜವಾಗಿ ತಿರುಗಲಿ.

ಬ್ರೇಕ್ ಲೈಟೂ ಅಷ್ಟೇ. ಬೈಕಿನವರು ಆಕ್ಸಿಲೇಟರ್ ಬಿಟ್ಟು ಗೇರ್ ಇಳಿಸಿದರೆ ವೇಗ ತುಂಬ ಕಡಿಮೆಯಾಗುತ್ತದೆ, ಕೆಂಪು ಲೈಟ್ ಹತ್ತುವುದೇ ಇಲ್ಲ. ನೀವು ಲೈಟ್ ಕಾಯುತ್ತಾ ಕೂತರೆ ಬಂಪರ್ ಅವರ ನಂಬರ್ ಪ್ಲೇಟಿಗೆ ಮುಟ್ಟುತ್ತದೆ. ಲೈಟಿಗಿಂತ ಮನುಷ್ಯರನ್ನು ನೋಡಿ. ತಲೆ ಬಲಕ್ಕೆ ತಿರುಗಿತಾ, ಭುಜ ವಾಲಿತಾ, ಕಾಲು ಕೆಳಗೆ ಇಳಿಯಿತಾ? ಕಿವಿಗೂ ಹೆಲ್ಮೆಟ್ಟಿಗೂ ಮಧ್ಯೆ ಫೋನ್ ಸಿಕ್ಕಿಸಿಕೊಂಡಿದ್ದಾರಾ? ಫೋನ್ ಇದ್ದರೆ ನಿಮ್ಮ ಹಾರ್ನ್ ಅವರಿಗೆ ಕೇಳಿಸುವುದಿಲ್ಲ ಅಂತಲೇ ಇಟ್ಟುಕೊಳ್ಳಿ.

ಹಗಲು ಹೊತ್ತು ಬೈಕಿನ ಹೆಡ್‌ಲೈಟ್ ಉರಿಯುವುದು ಮರೆವಿನಿಂದಲ್ಲ. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳಲ್ಲಿ ಅದು ಸದಾ ಉರಿಯುವಂತೆಯೇ ಬರುತ್ತದೆ. ಈಗಲೂ ಕೆಲವರು ಎದುರಿಂದ ಬೆರಳು ಮುಚ್ಚಿ ಬಿಡಿಸಿ "ಲೈಟ್ ಆನ್ ಇದೆ" ಅಂತ ಸನ್ನೆ ಮಾಡುತ್ತಾರೆ, ಪಾಪ. ನಿಮಗೆ ಅದರಿಂದ ಲಾಭವಿದೆ. ಕನ್ನಡಿಯಲ್ಲಿ ಹಗಲಲ್ಲಿ ಒಂಟಿ ಲೈಟ್ ಕಂಡರೆ ಹಿಂದೆ ಬೈಕ್ ಇದೆ ಅಂತ ಗೊತ್ತಾಗುತ್ತದೆ. ಆ ಲೈಟ್ ಕಾಣದೇ ಹೋದರೆ ಬೈಕ್ ಮಾಯವಾಗಿಲ್ಲ, ನಿಮ್ಮ ಪಕ್ಕಕ್ಕೆ ಬಂದಿದೆ.

ಬಲಕ್ಕೆ ತಿರುಗುವುದು

ನನ್ನ ಕಾಲು ನನ್ನ ಕಡೆಯ ಬ್ರೇಕಿನ ಮೇಲೆ ಜಾಸ್ತಿ ಹೋಗುವುದು ಇಲ್ಲೇ. ಎದುರಿಂದ ಲಾರಿ ಬಂದರೆ ಕಲಿಯುವವರು ತಾವಾಗೇ ನಿಲ್ಲುತ್ತಾರೆ. ಬೈಕ್ ಬಂದರೆ "ಹೋಗಬಹುದು" ಅನ್ನಿಸುತ್ತದೆ. ಕಾರಣ ಇದೆ. ಸಣ್ಣ ವಸ್ತು ನಮ್ಮ ಕಣ್ಣಿಗೆ ಇರುವುದಕ್ಕಿಂತ ದೂರ ಇದ್ದಂತೆ, ನಿಧಾನವಾಗಿ ಬರುತ್ತಿರುವಂತೆ ಕಾಣುತ್ತದೆ. ನೇರ ಎದುರಿಂದ ಬರುವ ಬೈಕಿನ ಅಗಲ ಕೊನೇ ಗಳಿಗೆವರೆಗೂ ಅಷ್ಟಾಗಿ ಹಿಗ್ಗುವುದಿಲ್ಲ. ಹಿಗ್ಗಿದಂತೆ ಕಾಣುವ ಹೊತ್ತಿಗೆ ನೀವು ಅರ್ಧ ರಸ್ತೆಯಲ್ಲಿರುತ್ತೀರಿ.

ಲೆಕ್ಕ ಹಾಕಿ. ಗಂಟೆಗೆ 60 ಕಿಲೋಮೀಟರ್ ವೇಗದ ಬೈಕ್ ಸೆಕೆಂಡಿಗೆ ಸುಮಾರು 17 ಮೀಟರ್ ಬರುತ್ತದೆ. ನಿಂತಲ್ಲಿಂದ ಫಸ್ಟ್ ಗೇರಿನಲ್ಲಿ ಹೊರಟು ಎದುರಿನ ರಸ್ತೆ ದಾಟಲು ನಿಮಗೆ ನಾಲ್ಕು ಸೆಕೆಂಡ್ ಬೇಕು ಅಂದುಕೊಳ್ಳಿ. ಅಷ್ಟರಲ್ಲಿ ಅದು 65 ಮೀಟರಿಗಿಂತ ಜಾಸ್ತಿ ಬಂದಿರುತ್ತದೆ. ಇಂಜಿನ್ ಆಫ್ ಆಯಿತು ಅಂದರೆ ಅಡ್ಡ ನಿಂತಿರುತ್ತೀರಿ. ಆದ್ದರಿಂದ ನನ್ನ ಕಾರಿನಲ್ಲಿ ಲೆಕ್ಕ ಸುಲಭ. ಎದುರಿನ ಬೈಕ್ ಹತ್ತಿರವೋ ದೂರವೋ ಅಂತ ಅನುಮಾನ ಬಂದರೆ ಅದು ಹತ್ತಿರವೇ. ಹೋಗಲು ಬಿಡಿ. ಅದರ ಹಿಂದೆ ಇನ್ನೊಂದು ಇದೆಯಾ ಅಂತಲೂ ನೋಡಿ.

ಇನ್ನೊಂದು ಕಳ್ಳ ಜಾಗ ಗಾಜಿನ ಪಕ್ಕದ ಕಂಬ. ಮುಂದಿನ ಗಾಜಿಗೂ ಬಾಗಿಲಿಗೂ ಮಧ್ಯೆ ಇರುವ ಆ ಕಂಬದ ಹಿಂದೆ ಒಂದು ಇಡೀ ಬೈಕ್ ಸವಾರನ ಸಮೇತ ಅಡಗುತ್ತದೆ. ಡೂಂಲೈಟ್ ಸರ್ಕಲ್‌ನಂಥ ಕಡೆ ನೀವೂ ತಿರುಗುತ್ತಿರುತ್ತೀರಿ, ಬೈಕೂ ತಿರುಗುತ್ತಿರುತ್ತದೆ. ಎರಡೂ ಒಂದೇ ಲಯದಲ್ಲಿ ಹೋದರೆ ಅದು ಕಂಬದ ಹಿಂದೆಯೇ ಉಳಿದುಬಿಡುತ್ತದೆ. "ಕಾಣಲೇ ಇಲ್ಲ ಮೇಡಂ" ಅನ್ನುವುದು ಎಷ್ಟೋ ಸಲ ನಿಜವೇ. ಪರಿಹಾರ ಇಷ್ಟೇ: ಸರ್ಕಲ್‌ಗೆ ಇಳಿಯುವ ಮುಂಚೆ ಸೀಟಿನಲ್ಲೇ ಒಂದು ಸಲ ಮುಂದಕ್ಕೆ, ಒಂದು ಸಲ ಹಿಂದಕ್ಕೆ ವಾಲಿ ನೋಡಿ. ತಲೆಯನ್ನು ಸರ್ರನೆ ಆಚೆ ಈಚೆ ತಿರುಗಿಸಿದರೆ ಸಾಲದು. ಕಣ್ಣು ವೇಗವಾಗಿ ಹರಿಯುವಾಗ ಮಧ್ಯದ್ದು ನಮಗೆ ಕಾಣುವುದೇ ಇಲ್ಲ. ಬಲಗಡೆ ಒಂದು ಕ್ಷಣ ದೃಷ್ಟಿ ನಿಲ್ಲಿಸಿ, ಮಧ್ಯೆ ಒಂದು ಕ್ಷಣ, ಎಡಕ್ಕೆ ಒಂದು ಕ್ಷಣ. ಆಮೇಲೆ ಇನ್ನೊಮ್ಮೆ ಬಲಕ್ಕೆ.

ಹಾಗೇ ಗಾಜಿನ ಮೇಲಿನ ಸಂಸಾರ ಕಡಿಮೆ ಮಾಡಿ. ಕನ್ನಡಿಗೆ ನೇತುಹಾಕಿದ ಹಾರ, ನಿಂಬೆಹಣ್ಣು, ಗಾಜಿಗೆ ಅಂಟಿಸಿದ ಫೋನ್ ಸ್ಟ್ಯಾಂಡ್, ಪಕ್ಕದ ಕಿಟಕಿಯ ಪರದೆ ಎಲ್ಲ ಒಂದೊಂದು ಬೈಕ್ ಮರೆಮಾಡುತ್ತವೆ. ದೇವರು ಡ್ಯಾಶ್‌ಬೋರ್ಡಿನ ಮೇಲೆ ಕೆಳಗೆ ಕೂತರೂ ಕಾಪಾಡುತ್ತಾನೆ.

ಎಡಕ್ಕೆ ತಿರುಗುವುದು, ದಾಟುವುದು, ಬಾಗಿಲು

ಎಡಕ್ಕೆ ತಿರುಗಬೇಕಾದರೆ ಮುಂದಿರುವ ಬೈಕನ್ನು ಓವರ್‌ಟೇಕ್ ಮಾಡಿ ತಕ್ಷಣ ಅದರ ಮೂಗಿನ ಮುಂದೆ ತಿರುಗಬೇಡಿ. ಅದರ ಹಿಂದೆಯೇ ಹೋಗಿ ತಿರುಗಿ, ಏನೂ ನಷ್ಟವಿಲ್ಲ. ಇಂಡಿಕೇಟರ್ ಬೇಗ ಹಾಕಿ, ಬೇಗ ಎಡಕ್ಕೆ ಒತ್ತಿಕೊಳ್ಳಿ. ಎಡಗಡೆ ಸಂದಿ ಬಿಟ್ಟರೆ ಸ್ಕೂಟರ್ ಅಲ್ಲಿ ತೂರಿಯೇ ತೂರುತ್ತದೆ. ತೂರುವುದು ತಪ್ಪು, ನಿಜ. ಆದರೂ ಎಡ ಕನ್ನಡಿ ನೋಡಿ, ಆಮೇಲೆ ಭುಜದ ಮೇಲಿಂದ ಒಂದು ಸಲ ಹಿಂದೆ ನೋಡಿ. ಎಡ ಕನ್ನಡಿ ಉಬ್ಬುಗಾಜಿನದು, ಅದರಲ್ಲಿ ಕಾಣುವ ಬೈಕ್ ನಿಜವಾಗಿ ಇನ್ನೂ ಹತ್ತಿರ ಇರುತ್ತದೆ.

ದಾಟುವಾಗ ಇನ್ನೊಂದು ಕಾರನ್ನು ದಾಟುವಷ್ಟೇ ಜಾಗ ಬಿಟ್ಟು ದಾಟಿ. ಬೈಕ್ ಸಣ್ಣದು ಅಂತ ಅದೇ ಲೇನಿನಲ್ಲಿ ಉಜ್ಜಿಕೊಂಡು ಹೋಗಬೇಡಿ. ಹೆದ್ದಾರಿಯಲ್ಲಿ 80ರಲ್ಲಿ ನೀವು ಪಕ್ಕದಲ್ಲಿ ಹಾದುಹೋದರೆ ಆ ಗಾಳಿಗೇ ಹುಲ್ಲಿನ ಹೊರೆಯ ಎಕ್ಸ್‌ಎಲ್ ಅಲ್ಲಾಡುತ್ತದೆ. ಹಾರ್ನ್ ಬೇಕಿದ್ದರೆ ದೂರದಿಂದ, ಚಿಕ್ಕದಾಗಿ. ಬೆನ್ನ ಹಿಂದೆ ಬಂದು ಒತ್ತಿದರೆ ಬೆಚ್ಚಿಬಿದ್ದು ಯಾವ ಕಡೆ ಎಳೆಯುತ್ತಾರೋ ಹೇಳಲಾಗದು. ದಾಟಿದ ಮೇಲೆ ಒಳಗಿನ ಕನ್ನಡಿಯಲ್ಲಿ ಇಡೀ ಬೈಕ್, ಚಕ್ರ ಸಮೇತ ಕಂಡ ನಂತರವೇ ಎಡಕ್ಕೆ ಬನ್ನಿ.

ಹಿಂದೆ ಹೋಗುವಾಗ ಮೂರು ಸೆಕೆಂಡಿನ ಅಂತರ. ಮುಂದಿನ ಬೈಕ್ ಒಂದು ಕಂಬ ದಾಟಿದಾಗ "ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು" ಅಂತ ಎಣಿಸಿ. ಅಷ್ಟರೊಳಗೆ ನೀವು ಆ ಕಂಬ ತಲುಪಿದರೆ ತುಂಬ ಹತ್ತಿರ ಇದ್ದೀರಿ. 60ರ ವೇಗದಲ್ಲಿ ಇದು 50 ಮೀಟರ್. ಸಿಗ್ನಲ್‌ನಲ್ಲಿ ನಿಂತಾಗ ಬೈಕಿನ ಹಿಂದಿನ ಚಕ್ರ ನೆಲ ಮುಟ್ಟುವ ಜಾಗ ನಿಮಗೆ ಕಾಣುವಷ್ಟು ಹಿಂದೆ ನಿಲ್ಲಿ. ಏರಿನಲ್ಲಿ ಇನ್ನೂ ಹಿಂದೆ. ಹೊರೆ ಇರುವ ಬೈಕ್ ಹಿಂದಕ್ಕೆ ಜಾರಬಹುದು.

ಬಾಗಿಲಿನ ವಿಷಯ ಯಾರೂ ಕಲಿಸುವುದಿಲ್ಲ. ಅಂಗಡಿ ಮುಂದೆ ನಿಲ್ಲಿಸಿ ಬಲಗೈಯಲ್ಲಿ ಬಾಗಿಲು ತಳ್ಳಿದರೆ ಹಿಂದೆ ಬರುವ ಸ್ಕೂಟರ್ ನೇರ ಅದಕ್ಕೇ ಬಡಿಯುತ್ತದೆ. ಡ್ರೈವರ್ ಸೀಟಿನಲ್ಲಿರುವವರು ಎಡಗೈಯಿಂದ ಬಾಗಿಲು ತೆಗೆಯುವ ಅಭ್ಯಾಸ ಮಾಡಿಕೊಳ್ಳಿ. ಎಡಗೈ ಬಾಗಿಲಿಗೆ ಹೋಗಬೇಕಾದರೆ ಮೈ ತಾನಾಗಿ ಬಲಕ್ಕೆ ತಿರುಗುತ್ತದೆ, ಕಣ್ಣು ಹಿಂದಿನ ರಸ್ತೆಗೆ ಹೋಗುತ್ತದೆ. ಹಿಂದೆ ಕೂತ ಮಕ್ಕಳು, ಅಜ್ಜಿಯರು ಇದನ್ನೆಲ್ಲ ಕೇಳುವುದಿಲ್ಲ. ಅದಕ್ಕೆ ಹಿಂದಿನ ಬಲಬಾಗಿಲಿಗೆ ಚೈಲ್ಡ್ ಲಾಕ್ ಹಾಕಿಬಿಡಿ. ಎಲ್ಲರೂ ಎಡಗಡೆಯಿಂದಲೇ ಇಳಿಯಲಿ. ಎಡಗಡೆಯೂ ಒಂದು ಸಲ ನೋಡಿಯೇ ತೆಗೆಯಬೇಕು.

ಹೆದ್ದಾರಿ, ರಾತ್ರಿ, ಮಳೆ

ಬೆಂಗಳೂರು ಕಡೆಯಿಂದ ನರಸಾಪುರ, ಕೋಲಾರ, ಮುಳಬಾಗಿಲು ದಾಟಿ ಆಂಧ್ರದ ಕಡೆ ಹೋಗುವ 75ನೇ ಹೆದ್ದಾರಿಯಲ್ಲಿ ಹಳ್ಳಿ ಬಂದ ಕಡೆಯೆಲ್ಲ ಎದುರು ಬರುವ ಬೈಕ್ ಸಿಗುತ್ತದೆ. ಯೂ ಟರ್ನ್ ದೂರ ಇದೆ ಅಂತ ಅಂಚಿನಲ್ಲೇ ಉಲ್ಟಾ ಬರುತ್ತಾರೆ. ನಾನು ಅದನ್ನು ಸಮರ್ಥಿಸುವುದಿಲ್ಲ. ಆದರೆ ಇಲ್ಲ ಅಂದುಕೊಂಡು ಓಡಿಸಲೂ ಆಗುವುದಿಲ್ಲ. ಸರ್ವಿಸ್ ರಸ್ತೆಯಿಂದ ಎಡಕ್ಕೆ ಹೆದ್ದಾರಿ ಸೇರುವಾಗ ಎಲ್ಲರೂ ಬಲಕ್ಕೆ ಮಾತ್ರ ನೋಡುತ್ತಾರೆ. ಎಡಕ್ಕೂ ನೋಡಿ. ಹಳ್ಳಿ ಹತ್ತಿರ ಎಡಗಡೆಯ ಬಿಳಿ ಗೆರೆಗೆ ಅಂಟಿಕೊಂಡು ಓಡಿಸಬೇಡಿ. ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಬಿಡುವ ಹೊತ್ತಿಗೆ ಬೈಕುಗಳು ಗುಂಪಾಗಿ ಹೊರಬರುತ್ತವೆ. ಹೋಂಡಾ ಸ್ಕೂಟರ್ ಫ್ಯಾಕ್ಟರಿ ಇರುವುದೂ ಅಲ್ಲೇ. ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲಿ ಮನೆಗೆ ಹೊರಟವರೂ ಅದರಲ್ಲಿರುತ್ತಾರೆ. ಆ ಒಂದೆರಡು ಕಿಲೋಮೀಟರ್ ನಿಧಾನ ಹೋಗಿ.

ರಾತ್ರಿ ಎದುರಿಂದ ಬೈಕ್ ಬಂದರೆ ಡಿಪ್ ಮಾಡಿ. ಗೀರು ಬಿದ್ದ ಹೆಲ್ಮೆಟ್ ಗಾಜಿನಲ್ಲಿ ನಿಮ್ಮ ಹೈಬೀಮ್ ಇಡೀ ಗಾಜಿಗೆ ಹರಡಿಕೊಳ್ಳುತ್ತದೆ, ಅವರಿಗೆ ರಸ್ತೆಯ ಅಂಚೇ ಕಾಣುವುದಿಲ್ಲ. ಬೈಕಿನ ಹಿಂದೆ ಹೋಗುವಾಗಲೂ ಡಿಪ್ಪೇ. ಹೈಬೀಮ್ ಹಾಕಿದರೆ ಅವರ ನೆರಳು ಅವರ ಮುಂದೆಯೇ ಬಿದ್ದು ಗುಂಡಿ ಮುಚ್ಚಿಹೋಗುತ್ತದೆ. ಒಂಟಿ ಲೈಟ್ ಕಂಡರೆ ಬೈಕ್ ಅಂತ ಖಚಿತ ಮಾಡಿಕೊಳ್ಳಬೇಡಿ, ಒಂದು ಲೈಟ್ ಹೋದ ಟ್ರ್ಯಾಕ್ಟರೂ ಇರಬಹುದು.

ಮಳೆ ಶುರುವಾದ ಮೊದಲ ಹತ್ತು ನಿಮಿಷ ಧೂಳು, ಎಣ್ಣೆ ಸೇರಿ ರಸ್ತೆ ಜಾರುತ್ತದೆ. ಬೈಕಿನವರು ಸೇತುವೆ ಕೆಳಗೆ, ಮರದ ಕೆಳಗೆ ಗುಂಪಾಗಿ ನಿಲ್ಲುತ್ತಾರೆ, ಅರ್ಧ ಲೇನ್ ಅವರದೇ. ಅಂಥ ಕಡೆ ನಿಧಾನ ಮಾಡಿ. ನಿಂತ ನೀರನ್ನು ಅವರ ಮುಖಕ್ಕೆ ಎರಚಬೇಡಿ. ಮುಖಕ್ಕೆ ನೀರು ಬಿದ್ದವರು ಕಣ್ಣು ಮುಚ್ಚಿ ಬ್ರೇಕ್ ಹಿಡಿಯುತ್ತಾರೆ.

ಬಿದ್ದರೆ

ಕಾರನ್ನು ಬಿದ್ದವರ ಹಿಂದೆ ಅಡ್ಡ ನಿಲ್ಲಿಸಿ ಹಜಾರ್ಡ್ ಲೈಟ್ ಹಾಕಿ, 108 ಅಥವಾ 112ಕ್ಕೆ ಫೋನ್ ಮಾಡಿ. ಉಸಿರಾಟಕ್ಕೆ ಅಡ್ಡಿ ಇಲ್ಲದಿದ್ದರೆ ಹೆಲ್ಮೆಟ್ ಎಳೆದು ತೆಗೆಯಬೇಡಿ, ಕುತ್ತಿಗೆಗೆ ಪೆಟ್ಟಾಗಿರಬಹುದು. ಎಬ್ಬಿಸಿ ಕೂರಿಸಿ ನೀರು ಕುಡಿಸುವ ನಮ್ಮ ಜನರ ಅಭ್ಯಾಸವನ್ನೂ ತಡೆಯಿರಿ. ರಕ್ತ ಬರುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಗುದ್ದಿದ್ದು ನಿಮ್ಮ ಕಾರೇ ಆದರೆ ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಪ್ರಕಾರ ನಿಮ್ಮ ಹೊಣೆ. ದಾರಿಹೋಕರಾಗಿ ನೆರವಾದರೆ 134ಎ ನಿಮಗೆ ರಕ್ಷಣೆ ಕೊಡುತ್ತದೆ, ಸಾಕ್ಷಿ ಹೇಳಲೇಬೇಕು ಅಂತ ಬಲವಂತ ಮಾಡುವಂತಿಲ್ಲ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಏಳು ದಿನದ ತನಕ, 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆಯ ಯೋಜನೆಯೂ ಜಾರಿಯಲ್ಲಿದೆ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಇದನ್ನು ಕೇಳಿ.

ಲೈಸೆನ್ಸ್ ಟೆಸ್ಟಿಗೆ ಕಳಿಸುವ ಮುಂಚೆ ನಾನು ಒಂದು ಮನೆಕೆಲಸ ಕೊಡುತ್ತೇನೆ. ನಿಮಗೂ ಅದೇ. ಗೊತ್ತಿರುವ, ನಿಧಾನವಾಗಿ ಓಡಿಸುವ ಯಾರದಾದರೂ ಬೈಕಿನಲ್ಲಿ ಹಿಂದೆ ಕೂತು ಬಂಗಾರಪೇಟೆ ರಸ್ತೆಯಲ್ಲೋ ಶ್ರೀನಿವಾಸಪುರ ರಸ್ತೆಯಲ್ಲೋ ಹಗಲು ಒಂದು ಸಲ, ಕತ್ತಲಾದ ಮೇಲೆ ಒಂದು ಸಲ ಹೋಗಿಬನ್ನಿ. ಓಡಿಸುವ ಗಡಿಬಿಡಿ ಇಲ್ಲದಿರುವುದರಿಂದ ಸುಮ್ನೆ ಕಾರುಗಳನ್ನು ಗಮನಿಸಬಹುದು. ಯಾವ ಕಾರು ಬಂದಾಗ ಓಡಿಸುವವರ ಭುಜ ಬಿಗಿಯಾಯಿತು, ಅದು ಎಷ್ಟು ಹತ್ತಿರ ಬಂದಿತ್ತು, ಆಗ ನೆಲದ ಮೇಲೆ ಏನಿತ್ತು ಅಂತ ನೆನಪಿಟ್ಟುಕೊಂಡು ಬನ್ನಿ. ಹೆಲ್ಮೆಟ್ ಇಬ್ಬರಿಗೂ ಬೇಕು, ಐಎಸ್‌ಐ ಗುರುತಿನದು, ಪಟ್ಟಿ ಕಟ್ಟಿರಬೇಕು.